ನಾನು ಮಾಮಾನ ಫೋಟೋ ಇಳಿಸಿದ್ದು

ಉಗಾರ ಖುರ್ದದ ನಮ್ಮ ಓಣಿಯಲ್ಲಿ ಕಂಪ್ಯೂಟರನ್ನು ಪಳಗಿಸಿದ ಏಕಮೇವ ಗಂಡಸು ನಾನೇ ಎಂದು ೨೦೧೧ರ ತನಕ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ. ಓಣಿಯ ಬೇರೆ ಯಾವ ಮನೆಯಲ್ಲೂ ಕಂಪ್ಯೂಟರೇ ಇರಲಿಲ್ಲ ಎಂಬುದು ಬೇರೆ ಮಾತು!

ಆ ವರ್ಷ ನನ್ನ ಮಾವ ಮಾಳಸಿದ್ದಪ್ಪನವರಿಗೆ ಅರವತ್ತೊಂದು ತುಂಬುವುದಿತ್ತು. ಐಗಳಿಯಲ್ಲಿ ಕುರಿ ಸಾಕಿಕೊಂಡು, ಚೂರು ಹೊಲ ಮಾಡಿಕೊಂಡಿರುವ ಮನುಷ್ಯ. ನಮ್ಮ ಕಡೆ ಹುಟ್ಟುಹಬ್ಬಕ್ಕೆ ವಾಢದಿವಸ ಎನ್ನುತ್ತೇವೆ. ವಾಢದಿವಸ ಎಂದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ಏರಲೇಬೇಕು. ಪುಢಾರಿಗಳಿಗಷ್ಟೇ ಅಲ್ಲ, ಎತ್ತಿಗೂ ಏರುತ್ತದೆ, ಟಗರಿಗೂ ಏರುತ್ತದೆ. ಮಾವನವರಿಗೆ ಮಾತ್ರ ಒಮ್ಮೆಯೂ ಏರಿರಲಿಲ್ಲ.

"ಏನ್ರಿ, ನಮ್ಮಪ್ಪನ ಮಾರಿ ರೇಷನ್ ಕಾರ್ಡ ಬಿಟ್ರ ಎಲ್ಲೂ ಬಂದಿಲ್ಲ" ಎಂದಳು ಹೆಂಡತಿ ಸೋನಾಲಿ. "ಒಮ್ಮೆರೆ ದೊಡ್ಡದಾಗಿ ಬರ್ಲಿ. ಊರ ಮಂದಿ ನಿಂತು ನೋಡ್ಲಿ. ನನಗ ಅಷ್ಟ ಸಾಕು."

ಹೇಳುವಾಗ ಅವಳ ಕಣ್ಣು ತುಂಬಿದವು. ಇಂಥ ಹೊತ್ತಿನಲ್ಲಿ ಗಂಡಸಾದವನು ಸುಮ್ಮನಿರಲಾದೀತೆ?

ಮಿಲಿಟರಿಯಲ್ಲಿರುವ ಅವಳ ತಮ್ಮ ಹಾಲಸಿದ್ದ, ಕಳೆದ ಸಲ ಸೂಟಿಗೆ ಊರಿಗೆ ಬಂದಾಗ ತೆಗೆದ ಎರಡು ಫೋಟೋಗಳನ್ನು ಇ-ಮೇಲ್ ಮಾಡಿದ. ಒಂದರಲ್ಲಿ ತಲೆಗೆ ಪಟಕಾ ಸುತ್ತಿದ ಮಾವ. ಇನ್ನೊಂದರಲ್ಲಿ ಮಾವನ ಜೀವಕ್ಕೆ ಜೀವವಾದ ಟಗರು. ಆದರೆ ಪುಣ್ಯಾತ್ಮ ಅವನ್ನು ಬೇರೆಯಾಗಿ ಲಗತ್ತಿಸದೆ ಪತ್ರದ ಅಕ್ಷರಗಳ ನಡುವೆಯೇ ಕೂರಿಸಿಬಿಟ್ಟಿದ್ದ. ಎಳೆದೆ, ಬರಲಿಲ್ಲ. ಕಾಪಿ ಮಾಡಿ ಬೇರೆ ಕಡೆ ಇಟ್ಟೆ. ಮಾವನ ಬದಲು ಖಾಲಿ ಚೌಕ ಬಂತು, ಅದರೊಳಗೊಂದು ಕೆಂಪು ಕಾಟು ಗುರುತು!

"ನಿಮ್ಮ ಕಡಿಂದ ಆಗಲಿಲ್ಲಂದ್ರ ಹೇಳ್ರಿ, ಸೈಬರ್ ಕೆಫೆದಾಗ ತಗಸೂಣು."

"ಸೈಬರ್ ಕೆಫೆ? ಮತ್ತ ನಾ ಯಾಕ ಇದ್ದೀನಿ?"

ಮೌಸಿನ ಬಲಗಿವಿ ಹಿಂಡಿದೆ. ಚಿತ್ರ ಉಳಿಸುವ ದಾರಿ ತಾನಾಗಿ ತೆರೆಯಿತು! ಮಾವನ ಚಿತ್ರಕ್ಕೆ 'ಮಾಮಾ' ಎಂದು ಹೆಸರಿಟ್ಟು ಉಳಿಸಿದೆ. ಅದೇ ಉಮೇದಿನಲ್ಲಿ ಟಗರನ್ನೂ ಹಿಡಿದು 'ಮಾಮಾ' ಎಂದೇ ಹೆಸರಿಟ್ಟೆ. ಒಂದೇ ಮನೆಯವರು ತಾನೆ! ಕಂಪ್ಯೂಟರ್ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಕೇಳಿತು. ಸಂಸಾರಸ್ಥ ನಾನು, ಪೂರ್ತಿ ಕೇಳಿಸಿಕೊಳ್ಳದೆ 'ಹೂಂ' ಅನ್ನುವುದು ರೂಢಿಯಾಗಿಬಿಟ್ಟಿದೆ. 'ಯಸ್' ಒತ್ತಿದೆ. 'ಮಾಮಾ' ಹೆಸರಿನ ಫೈಲನ್ನು ತೆರೆದು ಸಹ ನೋಡದೆ ಅಥಣಿಯ ಬ್ಯಾನರ್ ಅಂಗಡಿಗೆ ಕಳಿಸಿದೆ, ಜೊತೆಗೆ ಬರೆಯಬೇಕಾದ ಶುಭೇಚ್ಛೆಯ ಸಾಲು, ನನ್ನದೊಂದು ಚಷ್ಮಾ ಹಾಕಿಕೊಂಡ ಫೋಟೋ. ಶುಭ ಕೋರುವವರ ಮುಖವೂ ಊರಿಗೆ ತಿಳಿಯಬೇಡವೆ?

ಮರುದಿನ ಅಂಗಡಿಯ ವಿಕ್ರಾಂತ ಫೋನ್ ಮಾಡಿದ.

"ಸರ್, ನೆಚ್ಚಿನ ಮಾಮಾ ಅಂತನ ಬರೀಲೇನ್ರಿ?"

"ಮತ್ತೇನ್ ಬರೀತಿ?"

"ವಯಸ್ಸು ಅರವತ್ತೊಂದನ್ನ ಹಾಕ್ಲೇನ್ರಿ?"

"ಹಾಕೋ ಮಾರಾಯಾ, ಅದರಾಗ ನಾಚಿಕಿ ಏನೈತಿ?"

"ನಿಮ್ಮ ಮರ್ಜಿರಿ. ಹಿಂದ ಹಸರ ಹುಲ್ಲ ಹಾಕ್ಲೇನ್ರಿ? ಚಲೋ ಎದ್ದು ಕಾಣ್ತೈತಿ."

"ಹಾಕು ಹಾಕು. ಹೊಲದ ಮನುಷ್ಯಾರು!"

ಹುಡುಗ ಎಷ್ಟು ಕಾಳಜಿಯಿಂದ ಕೆಲಸ ಮಾಡುತ್ತಾನೆ ಎಂದು ಸೋನಾಲಿಯ ಮುಂದೆ ಹೊಗಳಿದೆ ಕೂಡ. ಬ್ಯಾನರನ್ನು ಐಗಳಿಗೆ ಒಯ್ದು ಕಟ್ಟುವ ಹೊಣೆಯನ್ನೂ ಅವನೇ ಹೊತ್ತುಕೊಂಡ.

ವಾಢದಿವಸದ ಮುಂಜಾನೆ ಬಸ್ಸು ಐಗಳಿ ಸ್ಟ್ಯಾಂಡ್ ಮುಟ್ಟುವ ಮೊದಲೇ ಕಂಡಿತು. ಹಸಿರು ಹುಲ್ಲಿನ ಮೇಲೆ, ಆಳೆತ್ತರಕ್ಕೆ, ಕೋಡು ಸುತ್ತಿಕೊಂಡು ನಿಂತ ಟಗರು! 'ನೆಚ್ಚಿನ ಮಾಮಾ ಅವರಿಗೆ ೬೧ನೆಯ ವಾಢದಿವಸದ ಹಾರ್ದಿಕ ಶುಭೇಚ್ಛೆಗಳು!' ಅದರ ಕಾಲ ಬುಡದಲ್ಲಿ ಹಲ್ಲು ಕಿಸಿದ ನಾನು.

"ನಮ್ಮಪ್ಪ ಎಲ್ಲದಾನ್ರಿ?" ಸೋನಾಲಿ ನನ್ನ ತೋಳು ಹಿಡಿದು ಜಗ್ಗಿದಳು.

ಕಂಪ್ಯೂಟರ್ ಕೇಳಿದ ಪ್ರಶ್ನೆ ನನಗೆ ಆಗ ಅರ್ಥವಾಯಿತು. ಈ ಹೆಸರಿನವರು ಮೊದಲೇ ಒಬ್ಬರಿದ್ದಾರೆ, ಅವರನ್ನು ತೆಗೆದು ಇದನ್ನು ಇಡಲೇ ಎಂದು ಕೇಳಿತ್ತು. ಇಡು ಎಂದಿದ್ದೆ!

ಕೆಳಗೆ ಜನ ಸೇರಿದ್ದರು. "ಅರವತ್ತೊಂದ ವರ್ಷದ ಟಗರಂದ್ರ ಸಣ್ಣ ಮಾತಲ್ಲ ಬಿಡ್ರಿ" ಎಂದ ಒಬ್ಬ. ಅವರ ನಡುವೆ ಮಾವ, ಕತ್ತೆತ್ತಿ ಬ್ಯಾನರನ್ನೇ ನೋಡುತ್ತಿದ್ದರು. ನಾನು ಕಾಲಿಗೆ ಬೀಳುವ ಸಿದ್ಧತೆಯಲ್ಲಿದ್ದೆ.

"ಅಳ್ಯಾ," ಎಂದರು ಮಾವ, "ಕೋಡ ಭಾಳ ಚಂದ ಬಂದಾವ. ನನ್ನ ಮಾರಿ ಇಟ್ಟಿದ್ರ ಯಾಂವ ನಿಂತು ನೋಡ್ತಿದ್ದ?"

ಅವರು ಖುಷಿಯಾಗಿದ್ದರು. ಸೋನಾಲಿ ಆಗಲಿಲ್ಲ. ತವರಲ್ಲಿ ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಹೋಳಿಗೆ ಬೀಳಲೇ ಇಲ್ಲ. ನನಗೂ ಕೇಳುವ ಧೈರ್ಯವಿರಲಿಲ್ಲ. ಮುಖದ ಮೇಲೊಂದು ಮುಖ ಉಳಿಸಿ, ಅವಳು ಬೇಡಿದ್ದ ಒಂದೇ ಒಂದನ್ನು ಕಳೆದಿದ್ದೆ.

ಅಷ್ಟರಲ್ಲಿ ಫೋನ್ ಬಂತು. ವಿಕ್ರಾಂತ ಬ್ಯಾನರಿನ ಮೂಲೆಯಲ್ಲಿ ನನ್ನ ನಂಬರನ್ನೂ ಹಾಕಿದ್ದನಂತೆ!

"ನಮಸ್ಕಾರ್ರಿ. ಸ್ಟ್ಯಾಂಡಿನ ಬ್ಯಾನರಿನ್ಯಾಗಿನ ಟಗರ ಕೊಡೂದ ಐತೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಸೋನಾಲಿ ಫೋನ್ ಕಸಿದುಕೊಂಡಳು.

"ಮ್ಯಾಲಿಂದು ಕೊಡೂದಿಲ್ರಿ, ಅದು ನಮ್ಮಪ್ಪನ ಜೀವ. ಕೆಳಗ ಚಷ್ಮಾ ಹಾಕ್ಕೊಂಡಿದ್ದ ಒಂದೈತಿ ನೋಡ್ರಿ, ಅದು ಬೇಕಾದ್ರ ಈಗ ಬಂದು ಹೊಡಕೊಂಡ ಹೋಗ್ರಿ. ಪುಕಟ!"

ಆ ಕಡೆಯವನು ವಿಚಾರ ಮಾಡಿ ಅಂದದ್ದು ನನಗೂ ಕೇಳಿಸಿತು:

"ಬ್ಯಾಡ ಬಿಡ್ರಿ ಅಕ್ಕಾರ. ಮೇವಿನ ಖರ್ಚು ಯಾರ ನೋಡಬೇಕು?"