ಲ್ಯೂಟ್ ವಾದಕನ ಪಾಸ್‌ಪೋರ್ಟ್

ಗೋಡೆಯ ಮೇಲೆ ಸೊಟ್ಟಗಿರುವ ಫೋಟೋ ಕಂಡರೆ ಕೆಲವರಿಗೆ ಕೈ ತುರಿಸುತ್ತದೆ. ನನಗೆ ಹೆಸರುಗಳು ಹಾಗೆ. ದೋಹಾದ ಕಂಪನಿಯೊಂದರಲ್ಲಿ ವೀಸಾ ಕಾಗದಪತ್ರ ನೋಡಿಕೊಳ್ಳುವ ಗುಮಾಸ್ತ ನಾನು. ಪಾಸ್‌ಪೋರ್ಟಿನಲ್ಲಿ ಡಿಸೋಜ ಒಂದು ಬಗೆ, ಸರ್ಟಿಫಿಕೇಟಿನಲ್ಲಿ ಇನ್ನೊಂದು ಬಗೆ ಇದ್ದರೆ ಕಥೆ ಖಲಾಸ್. ಇವರಿಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಊರಿಂದ ಬರುವ ತನಕ ಆ ಮನುಷ್ಯನಿಗಿಂತ ಹೆಚ್ಚು ಚಡಪಡಿಸುವವನು ನಾನೇ, ಬಿಪಿ ಮಾತ್ರೆ ನುಂಗುವವನೂ ನಾನೇ.

ಇಂಥವನಿಗೆ ಮಗಳ ಸಂಗೀತ ಕಾರ್ಯಕ್ರಮದ ಕರಪತ್ರ ಮಾಡುವ ಕೆಲಸ ಕೊಡಬಾರದಿತ್ತು. ರಿಯಾ ಇಲ್ಲಿನ ಐನ್ ಖಾಲಿದ್ ಬಡಾವಣೆಯಲ್ಲಿ ಫಿಲಿಪಿನೋ ಮೇಷ್ಟ್ರೊಬ್ಬರ ಬಳಿ ಗಿಟಾರ್ ಕಲಿಯುತ್ತಾಳೆ. ಮೊದಲ ಸಲ ಜನರೆದುರು ಒಬ್ಬಳೇ ನುಡಿಸುವವಳಿದ್ದಳು. ಲ್ಯೂಟ್ ಎಂಬ ಹಳೇ ತಂತಿವಾದ್ಯಕ್ಕೆ ಐನೂರು ವರ್ಷದ ಹಿಂದೆ ಇಟಲಿಯವನೊಬ್ಬ ಕಟ್ಟಿದ ಪುಟ್ಟ ತುಣುಕು. "ಡ್ಯಾಡಿ, ನೀವು ಫ್ರಂಟಲ್ಲೇ ಕೂತ್ಕೊಳ್ಬೇಕು. ನಿಮ್ಮನ್ನು ನೋಡಿದ್ರೆ ನಂಗೆ ಟೆನ್ಶನ್ ಆಗುದಿಲ್ಲ" ಎಂದಿದ್ದಳು.

ತುಣುಕು ಕಟ್ಟಿದವನ ಹೆಸರು ಕೇಳಿದ್ದಕ್ಕೆ ಮೇಷ್ಟ್ರು ಹಳೆಯ ಮುದ್ರಿತ ಪುಸ್ತಕಗಳ ಜೆರಾಕ್ಸ್ ಕೊಟ್ಟರು. ವೆನಿಸ್‌ನ ಪುಸ್ತಕದಲ್ಲಿ ಆ ಮಹಾಶಯನಿಗೆ ಒಂದು ಹೆಸರು, ಪ್ಯಾರಿಸ್‌ನದರಲ್ಲಿ ಅದಕ್ಕೇ ಬೇರೆ ಬಾಲ, ಜರ್ಮನಿಯದರಲ್ಲಿ ತಲೆಯೇ ಬೇರೆ. ಆ ಕಾಲದಲ್ಲಿ ಯಾರೂ ಇದಕ್ಕೆಲ್ಲ ತಲೆಕೆಡಿಸಿಕೊಳ್ಳುತ್ತಿರಲಿಲ್ಲ ಅಂದರು ಮೇಷ್ಟ್ರು. ಆಗ ನಾನಿನ್ನೂ ಹುಟ್ಟಿರಲಿಲ್ಲವಲ್ಲ! ನನ್ನ ಆಫೀಸಿಗೆ ಬಂದಿದ್ದರೆ ಅವನಿಗೆ, ಇಲ್ಲಿಯ ಅರಬ್ಬಿಯಲ್ಲಿ ಹೇಳುವಂತೆ, ವೀಸಾ ಮಾಫಿ, ಅಂದರೆ ಇಲ್ಲವೇ ಇಲ್ಲ. ಯಾವ ಹೆಸರು ಹಾಕಿದರೂ ಉಳಿದವು ನನ್ನನ್ನು ದಿಟ್ಟಿಸುತ್ತಿದ್ದವು. ಕೊನೆಗೆ ಒಂದನ್ನು ಕರಪತ್ರದಲ್ಲಿ ಹಾಕಿ, ಮಿಕ್ಕವೂ ಅವನವೇ ಎಂದು ಪ್ರತ್ಯೇಕ ಚೀಟಿ ಪ್ರಿಂಟ್ ಹೊಡೆದೆ. ಹೆಂಡತಿ ಲೀನಾ ಅದನ್ನೋದಿ, ಸತ್ತವನಿಗೂ ಅಫಿಡವಿಟ್ ಮಾಡಿಸಿದಿರಾ ಎಂದಳು.

ಶುಕ್ರವಾರ ಸಂಜೆ ಹಾಲ್ ತುಂಬಿತ್ತು. ನೋಡುತ್ತೇನೆ, ಹಿಂದಿನ ಸಾಲುಗಳಿಗೆ ಚೀಟಿ ತಲುಪಿಯೇ ಇಲ್ಲ. ಕೂತಲ್ಲಿ ಕೂರಲಾಗಲಿಲ್ಲ. ರಿಯಾಳ ಸರದಿ ಬರುವಷ್ಟರಲ್ಲಿ ಹಂಚಿ ಬಂದರಾಯಿತೆಂದು ಎದ್ದೆ. ಕೊನೆಯ ಸಾಲಿನ ಮಲಯಾಳಿ ಹಿರಿಯರು ಚೀಟಿ ನೋಡಿ, ಇಷ್ಟೂ ಜನ ಒಟ್ಟಿಗೆ ನುಡಿಸುತ್ತಾರೋ ಎಂದು ಕೇಳಿದರು. ಅಲ್ಲ, ಎಲ್ಲ ಒಬ್ಬನೇ ಎಂದು ನನಗೆ ಬರುವ ಹಿಂದಿಯಲ್ಲಿ ವೆನಿಸ್‌ನಿಂದ ಜರ್ಮನಿಯವರೆಗೆ ಬಿಡಿಸಿ ಹೇಳಿದೆ. ಅವರು ನನ್ನ ಮಾತು ಬಿಟ್ಟು ವೇದಿಕೆಯತ್ತ ನೋಡಿ ಚಪ್ಪಾಳೆ ತಟ್ಟತೊಡಗಿದರು. ತಿರುಗಿದರೆ ವೇದಿಕೆಯಲ್ಲಿ ರಿಯಾ ಆಗಲೇ ಮುಗಿಸಿ ತಲೆಬಾಗುತ್ತಿದ್ದಾಳೆ.

ವಾಪಸಾಗುವಾಗ ಕಾರಿನಲ್ಲಿ ಅವಳೇ ಮಾತು ತೆಗೆದಳು. "ಡ್ಯಾಡಿ, ನೀವು ಚೇರಲ್ಲಿ ಇರ್ಲಿಲ್ಲ. ಹುಡುಕ್ತಾ ಒಂದು ಕಡೆ ಮಿಸ್ಟೇಕ್ ಮಾಡಿದೆ. ಹಿಂದೆ ನಿಂತಿದ್ದ ನಿಮಗೆ ಅದು ಗೊತ್ತಾಯ್ತಾ?"

"ಗೊತ್ತೇ ಆಗ್ಲಿಲ್ಲ ಮಗಾ" ಎಂದೆ.

ಲೀನಾ ನನ್ನತ್ತ ನೋಡಿದಳು. ರಿಯಾಗೆ ಮಾತ್ರ ದೊಡ್ಡ ಸಮಾಧಾನ. ತಪ್ಪು ಹಿಡಿಯುವುದಕ್ಕೇ ಸಂಬಳ ತೆಗೆದುಕೊಳ್ಳುವವನು ಹಾಗೆ ಹೇಳಿದ್ದನಲ್ಲ.