ಪುರಾಣದ ಪೇಟಿಯ ಕೆಲಸದಿಂದ ಬಿಡುಗಡೆ ಕೋರಿ

“ಈ ಪೇಟಿ ಯಾರು ಬಾರಿಸಾಕತ್ತಾರ?” ಎಂದು ಪುರಾಣಿಕ ಅಡಿವೆಯ್ಯನವರು ಬಸವಣ್ಣನ ಗುಡಿಯ ಕಂಬಗಳ ಕಡೆ ನೋಡುತ್ತ, ಯಾರನ್ನೂ ಕುರಿತಲ್ಲದೆ ಕೇಳಿದ್ದಕ್ಕೆ ಅಂದು ಯಾರೂ ಉತ್ತರಿಸದ ಕಾರಣ, ತಡವಾಗಿಯಾದರೂ ಸಲ್ಲಿಸುವ ಅರ್ಜಿ.

ತೇರಗಾಂವ, ೧೨-೮-೧೯೬೩

ಇಂದ,
ಕರಿಬಸಪ್ಪ, ಅಕ್ಕಿ ಗಿರಣಿಯಲ್ಲಿ ತೂಕ ಮಾಡುವವ, ದಮ್ಮಿನ ರೋಗಿ

ಗೆ,
ಶೇಖಪ್ಪನವರು, ಅಧ್ಯಕ್ಷರು, ಶ್ರಾವಣ ಪುರಾಣ ಸಮಿತಿ

ವಿಷಯ: ಅರ್ಜಿದಾರನ ಎದೆಯನ್ನು ಹಾರ್ಮೋನಿಯಂ ಪೇಟಿಯ ಬದಲಿಗೆ ಬಳಸುತ್ತಿರುವುದನ್ನು ನಿಲ್ಲಿಸುವ ಬಗ್ಗೆ.

ಉಲ್ಲೇಖ: ೧) ಇಲಿ. ೨) ತಾವು ಡಾಕ್ಟರರಿಗೆ ಬಾಯಿಮಾತಿನಲ್ಲಿ ಕೇಳಿದ ಪ್ರಶ್ನೆ.

ಮಾನ್ಯರೇ,

೧. ಸಮಿತಿಯ ಹಾರ್ಮೋನಿಯಂ ಪೇಟಿಯ ತಿದಿಯನ್ನು ಇಲಿ ಕಡಿದ ಕಾರಣ ಅದು ರಿಪೇರಿಗೆಂದು ಹುಬ್ಬಳ್ಳಿಗೆ ಹೋಗಿರುವುದು ಸರಿಯಷ್ಟೆ. ಪೇಟಿಯಿಲ್ಲದ ಮೊದಲ ಸಂಜೆ, ಮೂರನೇ ಕಂಬಕ್ಕೆ ಒರಗಿ ಕಣ್ಣುಮುಚ್ಚಿ ಕೇಳುತ್ತಿದ್ದ ಅರ್ಜಿದಾರನ ಎದೆಯಿಂದ ಎಂದಿನಂತೆ ಸುಂಯ್ ಎಂದು ಸ್ವರ ಹೊರಟಿತು. ಪುರಾಣಿಕರು ಮೇಲಿನ ಪ್ರಶ್ನೆ ಕೇಳಿದರು. ಆಮೇಲೆ ಆ ಸ್ವರಕ್ಕೇ ಷಟ್ಪದಿ ಎತ್ತಿಕೊಂಡರು. ಸರಿಯಾಗಿ ಪೇಟಿಯ ಕರಿ ಎರಡರ ಮನೆಯ ಶ್ರುತಿಯೆಂದು ಸಭೆ ತಲೆದೂಗಿತು. ಆದ್ದರಿಂದ ಮರುದಿನ ಅರ್ಜಿದಾರನನ್ನು ಪುರಾಣಿಕರ ಎಡಕ್ಕೆ, ಪೇಟಿಯ ಚಾಪೆಯ ಮೇಲೆ ಕೂಡಿಸಲಾಯಿತು.

೨. ಪೇಟಿಗೆ ಅಳುವ ಅಧಿಕಾರವಿಲ್ಲವೆಂಬುದು ಅಲ್ಲಿ ಕೂತ ಮೇಲೆ ತಿಳಿಯಿತು. ರಾಣಿಯು ಮಗನನ್ನು ಕಳೆದುಕೊಂಡ ಸಂಧಿಯಲ್ಲಿ ಅರ್ಜಿದಾರನ ಎದೆ ಬಿಗಿದು ಸ್ವರ ಕರಿ ಮೂರಕ್ಕೆ ಏರಿತು. ಅದರ ಬೆನ್ನು ಹತ್ತಿದ ಪುರಾಣಿಕರ ಗಂಟಲು ಒಡೆಯಿತು. “ಕರಿಬಸಪ್ಪಾ, ನೀ ಅಳಾಕ ಬಂದೀಯೋ, ಪುರಾಣ ನಡಸಾಕ ಬಂದೀಯೋ?” ಎಂದರು. ಅರ್ಜಿದಾರನು ಅಳಲಿಕ್ಕೇ ಬಂದವನು. ತಂದೆಯ ತೊಡೆಯ ಮೇಲೆ ಕೂತು ಕೇಳಿದಾಗಿನಿಂದ, ಪುರಾಣ ಮುಗಿಯುವ ಮಂಗಲದ ದಿನ ಹೊಟ್ಟೆತುಂಬ ಅತ್ತು ಹಗುರಾಗಿ ಮನೆಗೆ ಹೋಗುವುದು ಅವನ ನಲವತ್ತು ವರ್ಷದ ರೂಢಿ.

೩. ಈ ಸ್ವರ ನಿಂತರೆ ಚಾಪೆಯಿಂದ ಬಿಡುಗಡೆ ಸಿಗಬಹುದೆಂದು ಅರ್ಜಿದಾರನು ಹಳಿಯಾಳದ ದವಾಖಾನೆಗೆ ಹೋದಾಗ ತಾವೂ ಸಂಗಡ ಬಂದಿರಿ. “ಹಳೇ ದಮ್ಮು,” ಎಂದರು ಡಾಕ್ಟರರು. “ಉಸುರಿನ ನಳಿಗಿಗಳ ಗ್ವಾಡಿ ದಪ್ಪ ಆಗ್ಯಾವು. ಒಳಗಿನ ಪದರ ಬಾತೈತಿ. ಸುತ್ತಲಿನ ಸ್ನಾಯು ಇಪ್ಪತ್ತು ವರ್ಷ ಬಿಗಿದು ಬಿಗಿದು ಪೈಲವಾನನ ತೋಳಾಗೈತಿ.” ಉಳಿದ ದೇಹವೆಲ್ಲ ಜೋಳದ ದಂಟಿನಂತಿರುವಾಗ, ಇದೊಂದು ಕಡೆ ಮಾತ್ರ ಕಸರತ್ತು ನಡೆದಿರುವುದು ಅರ್ಜಿದಾರನ ಗಮನಕ್ಕೆ ಬಂದಿರಲಿಲ್ಲ.

“ಈ ಸ್ವರ ಹಿಂಗ ಉಳೀತೈತೇನ್ರಿ?” ಎಂದು ತಾವು ಕೇಳಿದಿರಿ. “ಗುಳಿಗಿ ತಗೊಂಡರ ಬಿಗಿತ ಸಡಲತೈತಿ, ಸೀಟಿ ಕಡಿಮಿ ಆಗತೈತಿ. ಆದರ ದಪ್ಪಾದ ಗ್ವಾಡಿ ಮೊದಲಿನಂಗ ಆಗೂದು ಕಷ್ಟ,” ಎಂದರು. ತಾವು ಮೊದಲ ಮಾತನ್ನು ಅಲ್ಲೇ ಬಿಟ್ಟು, ಕೊನೆಯ ಮಾತನ್ನಷ್ಟೇ ಊರಿಗೆ ತಂದು, “ಹಂಗಾರ ಪೇಟಿ ಕಾಯಂ ಆತು” ಎಂದು ಘೋಷಿಸಿ, ರಿಪೇರಿ ಬೇಡವೆಂದು ಹುಬ್ಬಳ್ಳಿಗೆ ಕಾರ್ಡು ಬರೆದಿರಿ.

೪. ಅರ್ಜಿದಾರನು ಗುಳಿಗೆ ನುಂಗಿ ಬಂದ ಸಂಜೆ ಸ್ವರ ಹೊರಡದೆ ಪುರಾಣ ಅರ್ಧ ಗಂಟೆ ನಿಂತಿತು. ಮರುದಿನ ತಾವು ಮನೆಗೆ ಬಂದು “ಮಂಗಲ ಆಗೂತನಕ ಗುಳಿಗಿ ಬ್ಯಾಡ” ಎಂದಾಗ ಅರ್ಜಿದಾರನ ಹೆಂಡತಿ ಗುರುಬಸವ್ವ, “ಶೇಖಪ್ಪಣ್ಣಾರ, ನಿಮ್ಮ ಗೊರಕಿ ಬಾಳ ತುಂಬು ಸ್ವರದ್ದು ಅಂತ ನಿಮ್ಮ ಮನ್ಯಾಗಿನ ವೈನಿ ಹೇಳ್ತಿರ್ತಾರ. ಆ ಚಾಪಿ ಮ್ಯಾಲ ನೀವ ಮಲಕೋರಿ” ಎಂದದ್ದಕ್ಕೆ ಅರ್ಜಿದಾರನು ವಿಷಾದಿಸುತ್ತಾನೆ. ಆ ಮಾತನ್ನು ಹಿಂತೆಗೆದುಕೊಳ್ಳುವ ಅಧಿಕಾರ ಮಾತ್ರ ಅವನಿಗಿಲ್ಲ.

ಆದ್ದರಿಂದ, ಬರುವ ಸೋಮವಾರವೇ ಮಂಗಲವಿರುವ ಕಾರಣ, ಅರ್ಜಿದಾರನು ಗುಳಿಗೆ ನುಂಗಿ, ಮೂರನೇ ಕಂಬಕ್ಕೆ ಒರಗಿ, ಉಳಿದ ಭಕ್ತರಂತೆ ಕೇಳಿ, ಅಗತ್ಯವಿದ್ದಲ್ಲಿ ಅಳಲು ಪರವಾನಗಿ ನೀಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿಯೂ ಸದ್ಯದ ಪೇಟಿಯೂ ಆದ,
ಕರಿಬಸಪ್ಪ

ಲಗತ್ತು:
೧) ಡಾಕ್ಟರರ ಚೀಟಿ.
೨) ಗುಳಿಗೆ, ಒಂದು. (ನೋಡಿ ಮರಳಿಸುವುದು.)

ಅಧ್ಯಕ್ಷರ ಷರಾ: ಪುರಾಣಿಕರನ್ನು ವಿಚಾರಿಸಲಾಯಿತು. ಮಂಗಲದ ದಿನ ಅವರೂ ಅಳಾವ್ರು ಅದಾರಂತ. ಇಬ್ಬರೂ ಅತ್ತರ ಊರು ಏನು ಕೇಳಬೇಕು? ಪರವಾನಗಿ ಇಲ್ಲ.