ಟಪ್ಪೆನ್ ತೋರಿಸಿದ ದಾರಿ

ಹೊರೇಸ್ ಗ್ಯಾಡ್ ಕೋಳಿಗೂಡು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡದ್ದೇ ಇಷ್ಟಕ್ಕೆಲ್ಲ ಮೂಲ. ಸ್ಟೀಪಲ್ ಕೂಂಬ್ ಹಳ್ಳಿಯ ಸೈಕಲ್ ಸಂಘದವರನ್ನು ಭಾನುವಾರ ಭಾನುವಾರ ಸೀಮೆಸುಣ್ಣದ ಗುಡ್ಡ ಹತ್ತಿಸಿ ಇಳಿಸುತ್ತಿದ್ದವನು ಅವನೇ. ಇನ್ನು ಮೇಲೆ ಮುಂದಾಳು ಯಾರು ಎಂದು ಶುಕ್ರವಾರ ಪಬ್ಬಿನಲ್ಲಿ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಕ್ಲೆಮೆಂಟ್ ಟಪ್ಪೆನ್ ಗ್ಲಾಸು ಕೆಳಗಿಟ್ಟ.

"ಅದಕ್ಯಾಕೆ ಇಷ್ಟು ತಲೆಬಿಸಿ? ನಾನಿಲ್ವಾ? ಕಣ್ಣು ಕಟ್ಟಿ ಗುಡ್ಡದ ಮೇಲೆ ಬಿಟ್ಟರೂ ಸೀದಾ ಮನೆಗೆ ಬರ್ತೀನಿ."

ಕ್ಲೆಮ್‌ನದು ಪೇಟೆಯಲ್ಲಿ ರತ್ನಗಂಬಳಿ ಮಾರುವ ಕೆಲಸ. ಯಾರಿಗೂ ಬೇಡದ ಬಣ್ಣವನ್ನು, ಗಿರಾಕಿಯೇ ಹುಡುಕಿಕೊಂಡು ಬಂದದ್ದು ಅದನ್ನೇ ಎನ್ನುವಂತೆ ಮಾರಬಲ್ಲ ಬಾಯಿ. ಆದರೆ ಸಂಘದಲ್ಲಿ ವರ್ಷಗಟ್ಟಲೆ ಅವನ ಜಾಗ ಸಾಲಿನ ಕೊನೆ. ಮುಂದಿನವರು ಎಬ್ಬಿಸಿದ ಬಿಳಿ ಧೂಳು ಕುಡಿದೂ ಕುಡಿದೂ ಸಾಕಾಗಿತ್ತು. ಒಂದೇ ಒಂದು ಸಲ ತಾನೂ ಮುಂದೆ ಹೋಗಬೇಕು, ತನ್ನ ಹಿಂದೆ ಜನ ಬರಬೇಕು ಎಂಬ ಆಸೆ ಅವನಿಗೆ ಬಹಳ ದಿನದ್ದು.

"ಭಾನುವಾರ ಕರ್ಕೊಂಡು ಹೋಗು. ವಾಪಸ್ ಬಂದ ಮೇಲೆ ಮುಂದಾಳು ಯಾರು ಅಂತ ಕೈ ಎತ್ತಿ ತೀರ್ಮಾನ ಮಾಡೋಣ," ಎಂದ ರೋಲಂಡ್ ಪಿಂಕ್. ಇವನು ಕ್ಲೆಮ್‌ನ ಪಕ್ಕದ ಮನೆಯವನು, ನಿವೃತ್ತ ಭೂಮಾಪಕ. ಕ್ಲೆಮ್ ಬೇಲಿ ಕತ್ತರಿಸಿದರೂ ಅದು ಎಷ್ಟು ಸೊಟ್ಟ ಎಂದು ಹೇಳಲು ಹೊರಗೆ ಬರುವ ಆಸಾಮಿ.

ಭಾನುವಾರ ಬೆಳಗ್ಗೆ ಏಳು ಜನ ಹೊರಟರು. ಕ್ಲೆಮ್ ಎದೆ ಉಬ್ಬಿಸಿ ಮುಂದೆ. ಹಿಂದೆ ಎಪ್ಪತ್ತು ದಾಟಿದ ಹೆಟ್ಟಿ ಬ್ರೇ, ಸೈಕಲ್ಲಿಗೆ ಗುಂಯ್ ಎನ್ನುವ ಮೋಟಾರು ಕಟ್ಟಿಸಿಕೊಂಡು. ಆಮೇಲೆ ರೋಲಂಡ್, ಉಳಿದ ನಾಲ್ವರು. ಮೊದಲ ಏರು ಹತ್ತಿ ದಾರಿ ಮೂರಾಗಿ ಒಡೆದ ಜಾಗಕ್ಕೆ ಬಂದಾಗ ಕ್ಲೆಮ್‌ಗೆ ಒಂದು ಸತ್ಯ ಹೊಳೆಯಿತು: ಇಷ್ಟು ವರ್ಷ ಕೊನೆಯಲ್ಲಿ ಬರುತ್ತಿದ್ದ ತಾನು ಚೆನ್ನಾಗಿ ನೋಡಿದ್ದು ಹೆಟ್ಟಿಯ ಹಿಂಚಕ್ರವನ್ನು ಮಾತ್ರ, ದಾರಿಯನ್ನಲ್ಲ.

"ಯಾವ ಕಡೆ ಮರಿ?" ಎಂದಳು ಹೆಟ್ಟಿ.

"ಎಡಕ್ಕೆ!" ಎಂದ ಕ್ಲೆಮ್, ಎಡಕ್ಕೆ ತಿರುಗಲೆಂದೇ ಹುಟ್ಟಿದವನ ಹಾಗೆ.

"ಹೊರೇಸ್ ಬಲಕ್ಕೆ ಹೋಗ್ತಿದ್ದ," ಎಂದ ರೋಲಂಡ್.

"ಹೊರೇಸ್ ಈಗ ಎಲ್ಲಿದಾನೆ? ಹಾಸಿಗೇಲಿ. ಬಾ ನನ್ನ ಹಿಂದೆ."

ಎಡದ ದಾರಿ ಬಾರ್ಲಿ ಹೊಲಗಳ ಅಂಚಿಗೆ ಸಾಗಿ, ಇದ್ದಕ್ಕಿದ್ದಂತೆ ಕಣಿವೆಗೆ ಧುಮುಕಿತು. ರಾತ್ರಿ ಮಳೆ ಬಿದ್ದಿತ್ತು. ನೆನೆದ ಸೀಮೆಸುಣ್ಣ ಎಂದರೆ ಸೋಪು ತಿಕ್ಕಿದ ಬಚ್ಚಲ ಕಲ್ಲು. ಕ್ಲೆಮ್‌ನ ಸೈಕಲ್ಲು ಒಂದು ಕಡೆಯಿಂದ ಇಳಿಯಿತು, ಕ್ಲೆಮ್ ಇನ್ನೊಂದು ಕಡೆಯಿಂದ ಕುಂಡೆಯ ಮೇಲೆ ಇಳಿದ. ಕೆಳಗೆ ಹೋಗಿ ಎದ್ದು ನಿಂತಾಗ ತಲೆಯಿಂದ ಕಾಲಿನವರೆಗೆ ಹಿಟ್ಟಿನ ಮೂಟೆಯಲ್ಲಿ ಬಿದ್ದ ಇಲಿಯ ಹಾಗಿದ್ದ.

"ನೋಡಿದ್ರಲ್ಲ?" ಎಂದು ಮೇಲಕ್ಕೆ ಕೂಗಿದ. "ಇಲ್ಲಿ ಹೇಗೆ ಇಳೀಬಾರದು ಅಂತ ತೋರಿಸಿದೆ. ಎಲ್ಲರೂ ಇಳಿದು, ತಳ್ಕೊಂಡು ಬನ್ನಿ."

ಕಣಿವೆ ದಾಟಿದ ಮೇಲೆ ಚಕಮಕಿ ಕಲ್ಲಿನ ಚೂರಿಗೆ ಅವನ ಮುಂದಿನ ಚಕ್ರ ಉಸಿರು ಬಿಟ್ಟಿತು. ತೇಪೆ ಹಾಕಲು ಬೇಲಿಯ ಮರೆಗೆ ಹೋಗಿ, ಅದು ಮುಗಿದ ಮೇಲೆ ಕದ್ದು ಫೋನು ತೆಗೆದರೆ ಸಿಗ್ನಲ್ ಇಲ್ಲ. ಫೋನನ್ನು ಆಕಾಶಕ್ಕೆ ಹಿಡಿದು ನಿಂತಿದ್ದಾಗ ರೋಲಂಡ್ ಇಣುಕಿದ.

"ಏನಯ್ಯಾ ಹುಡುಕ್ತಿದ್ದೀಯ?"

"ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ನೋಡ್ತಿದ್ದೆ."

"ಫೋನಲ್ಲಿ?"

"ಅನುಭವ ಇದ್ದವರಿಗೆ ಯಾವುದರಲ್ಲಾದ್ರೂ ತಿಳಿಯುತ್ತೆ ರೋಲಂಡ್," ಎಂದು ಕ್ಲೆಮ್ ಸೈಕಲ್ ಹತ್ತಿದ.

ಮುಂದೆ ಒಂದು ದೊಡ್ಡ ಗೇಟು. ಆಚೆ ಹುಲ್ಲುಗಾವಲು, ಹುಲ್ಲಿನ ತುಂಬ ಕುರಿ. ಕ್ಲೆಮ್ ಗೇಟು ತೆರೆದು ಎಲ್ಲರನ್ನೂ ಒಳಗೆ ಬಿಟ್ಟ. ಆಚೆ ತುದಿಯ ಗೇಟನ್ನೂ ತೆರೆದ. "ನೀವು ಮುಂದೆ ಹೋಗಿ, ಗೇಟು ನಾನು ನೋಡ್ಕೋತೀನಿ," ಎಂದ. ಮುಂದಾಳು ಹಿಂದೆ ಬೀಳಬಾರದು ಎಂಬುದು ಮರುಕ್ಷಣ ನೆನಪಾಗಿ ಎಲ್ಲರನ್ನೂ ದಾಟಿ ಮುಂದೋಡಿದ. ಗೇಟು ನೆನಪಾಗಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಹಿಂದೆ ಏನೋ ಸದ್ದು. ತಿರುಗಿ ನೋಡಿದರೆ ಕುರಿಗಳ ಇಡೀ ಮಂದೆ ಹೆಟ್ಟಿಯ ಬೆನ್ನು ಹತ್ತಿದೆ! ಮೇವು ತರುವ ಗಾಡಿಯ ಸದ್ದೂ ಹೆಟ್ಟಿಯ ಮೋಟಾರಿನ ಸದ್ದೂ ಆ ಕುರಿಗಳ ಕಿವಿಗೆ ಒಂದೇ. ಹೆಟ್ಟಿ ಜೋರಾಗಿ ಹೋದರೆ ಕುರಿಗಳೂ ಜೋರು, ನಿಂತರೆ ಅವೂ ನಿಂತು ಅವಳ ಚೀಲ ಮೂಸುತ್ತವೆ.

"ಕ್ಲೆಮ್, ಇವು ನನ್ನ ಸ್ಯಾಂಡ್‌ವಿಚ್ ತಿಂತಿವೆ ಕಣೋ!"

"ಹೆದರ್ಬೇಡಿ ಹೆಟ್ಟಿ. ಇವು ತಾವಾಗೇ ವಾಪಸ್ ಹೋಗ್ತವೆ," ಎಂದ ಕ್ಲೆಮ್. ಕುರಿಗಳಿಗೆ ಆ ವಿಚಾರ ಗೊತ್ತಿರಲಿಲ್ಲ.

ಆಗ ಗುಡ್ಡದ ನೆತ್ತಿಯಿಂದ ನಾಲ್ಕು ಚಕ್ರದ ಬೈಕಿನಲ್ಲಿ ರೈತ ಆಂಬ್ರೋಸ್ ವೀಲ್ ಇಳಿದು ಬಂದ. ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಕ್ಲೆಮ್ ಬ್ರೇಕು ಹಿಡಿದು ನಿಂತ. ಮುಂದಾಳುತನ ಇಲ್ಲಿಗೆ ಮುಗಿಯಿತು ಅನ್ನಿಸಿತು. ಆದರೆ ಬಾಯಿ ಮಾತ್ರ ಅಂಗಡಿಯಲ್ಲಿದ್ದಂತೆಯೇ ತೆರೆದುಕೊಂಡಿತು.

"ಯಾರಯ್ಯಾ ನನ್ನ ಕುರಿ ಹೊಡ್ಕೊಂಡು ಹೋಗ್ತಿರೋದು?"

"ನಮಸ್ಕಾರ! ನಿಮ್ಮನ್ನೇ ಹುಡುಕ್ತಿದ್ವಿ," ಎಂದ ಕ್ಲೆಮ್. "ಕುರಿ ಎಲ್ಲಿಗೆ ಬಿಡ್ಬೇಕು ಹೇಳಿ."

ವೀಲ್ ಏಳು ಜನರನ್ನು, ಕುರಿಗಳನ್ನು, ಹಿಟ್ಟಿನ ಇಲಿಯಂಥ ಕ್ಲೆಮ್‌ನನ್ನು ಒಂದು ಸುತ್ತು ನೋಡಿದ.

"ಕೆಳಗಿನ ಹೊಲಕ್ಕೆ ಇಳಿಸ್ಬೇಕಿತ್ತು," ಎಂದ ನಿಧಾನವಾಗಿ. "ನಾಯಿ ಕಾಲು ಮುರ್ಕೊಂಡು ಮಲಗಿದೆ. ಒಬ್ಬನೇ ಹೇಗಪ್ಪಾ ಅಂತ ಬೆಳಗ್ಗೆಯಿಂದ ಒದ್ದಾಡ್ತಿದ್ದೆ."

"ಅದಕ್ಕೇ ಬಂದಿದ್ದು ನಾವು!"

ಮಧ್ಯಾಹ್ನವೆಲ್ಲ ಸ್ಟೀಪಲ್ ಕೂಂಬ್ ಸೈಕಲ್ ಸಂಘ ಕುರಿ ಕಾಯಿತು. ಹೆಟ್ಟಿ ರಾಣಿಯ ಹಾಗೆ ಮುಂದೆ, ಹಿಂದೆ ಮಂದೆ, ಎರಡೂ ಬದಿಗೆ ಉಳಿದವರು. ಬೇಲಿಯ ಸಂದಿಗೆ ನುಗ್ಗಿದ ಟಗರೊಂದನ್ನು ತಡೆಯಲು ರೋಲಂಡ್ ಸೈಕಲ್ಲು ಬಿಸಾಡಿ ಓಡಿದ, ಗಿಡಗಂಟಿಯಲ್ಲಿ ಬಿದ್ದ, ಎದ್ದು ಟಗರಿಗೆ ಬೈದ. ಕೊನೆಯ ಕುರಿ ಕೆಳಗಿನ ಹೊಲ ಸೇರಿದ ಮೇಲೆ ವೀಲ್‌ನ ಹೆಂಡತಿ ಬಿಸಿ ಚಹಾ, ದಪ್ಪ ಬ್ರೆಡ್ಡು, ಚೀಸು ತಂದಿಟ್ಟಳು. ಎಲ್ಲರೂ ಹೊಟ್ಟೆ ತುಂಬ ತಿಂದರು. ಕ್ಲೆಮ್ ಮಾತ್ರ ಬ್ರೆಡ್ಡು ಕೈಯಲ್ಲಿ ಹಿಡಿದು ಸುತ್ತಲಿನ ಗುಡ್ಡಗಳನ್ನು ಒಂದೊಂದಾಗಿ ನೋಡುತ್ತಿದ್ದ. ಮನೆ ಯಾವ ದಿಕ್ಕಿಗಿದೆ ಎಂದು ರೈತನನ್ನು ಕೇಳೋಣವೆಂದರೆ ರೋಲಂಡ್ ಪಕ್ಕದಲ್ಲೇ ಕೂತಿದ್ದ.

"ಇಲ್ಲಿಂದ?" ಎಂದ ರೋಲಂಡ್.

"ನೇರ!" ಎಂದ ಕ್ಲೆಮ್.

ನೇರ ಹೋಗಿ, ಬೀಚ್ ಜಾತಿಯ ಮರಗಳ ತೋಪು ಹೊಕ್ಕು, ಹಂದಿಗಳ ತಗಡಿನ ಗೂಡುಗಳ ನಡುವೆ ಮೂಗು ಮುಚ್ಚಿಕೊಂಡು ದಾಟಿ, ಹೊತ್ತು ಇಳಿಯುವಾಗ ಒಂದು ಹಳ್ಳಿಯ ಹಿತ್ತಿಲಿಗೆ ಬಂದರು. ಉಳಿದವರು ಇನ್ನೂ ಇಳಿಜಾರಿನಲ್ಲಿದ್ದರು. ಕ್ಲೆಮ್ ಸರಸರನೆ ಮುಂದೆ ಹೋಗಿ, ಬಟ್ಟೆ ಒಣಹಾಕುತ್ತಿದ್ದ ಹೆಂಗಸಿನ ಬೆನ್ನಿಗೆ ಪಿಸುಗುಟ್ಟಿದ: "ತಾಯೀ, ಸ್ಟೀಪಲ್ ಕೂಂಬ್‌ಗೆ ಯಾವ ಕಡೆ ಹೋಗ್ಬೇಕು? ಸ್ವಲ್ಪ ಮೆಲ್ಲಗೆ ಹೇಳಿ."

ಹೆಂಗಸು ತಿರುಗಿದಳು. ಅವನ ಪಬ್ಬಿನ ಒಡತಿ ಡಾಟ್!

"ಕ್ಲೆಮ್, ನಿಂಗೇನಾಗಿದೆ? ಈ ಹಗ್ಗದ ಕೆಳಗೆ ನುಸುಳಿದ್ರೆ ನೀನು ದಿನಾ ಕೂರೋ ಕುರ್ಚಿ ಇದೆ."

ಕ್ಲೆಮ್‌ಗೆ ಅವಳ ಕಾಲಿಗೆ ಬೀಳಬೇಕು ಅನ್ನಿಸಿತು. ಬೀಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಇಳಿಜಾರಿನತ್ತ ತಿರುಗಿ ಗರ್ಜಿಸಿದ: "ಬನ್ನಿ ಬನ್ನಿ! ಹೇಳಿದ ಹಾಗೇ ತಂದು ಬಿಟ್ಟಿದ್ದೀನಿ, ಪಬ್ಬಿನ ಹಿಂಬಾಗಿಲಿಗೆ!"

ಪಬ್ಬಿನ ಅಂಗಳದಲ್ಲಿ ಗ್ಲಾಸುಗಳು ತುಂಬಿದವು. ರೋಲಂಡ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಕ್ಲೆಮ್ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಮುಂದಾಳಾಗಿ ಕ್ಲೆಮ್ ಟಪ್ಪೆನ್ ಹೆಸರನ್ನ ನಾನೇ ಸೂಚಿಸ್ತೀನಿ," ಎಂದ ರೋಲಂಡ್.

ಆರೂ ಕೈಗಳು ಒಟ್ಟಿಗೆ ಮೇಲೆದ್ದವು. ಕ್ಲೆಮ್‌ನ ಕಣ್ಣು ಒದ್ದೆಯಾಯಿತು.

"ನಂಗೊತ್ತಿತ್ತು," ಎಂದ ಗದ್ಗದಿತನಾಗಿ. "ದಾರಿ ಗೊತ್ತಿರೋನು ಯಾರು ಅಂತ ಕೊನೆಗೂ ನಿಮಗೆ ಅರ್ಥ ಆಯ್ತಲ್ಲ."

ಹೆಟ್ಟಿ ಅವನ ಸುಣ್ಣದ ಕೈಯನ್ನು ಮೆಲ್ಲಗೆ ತಟ್ಟಿದಳು.

"ಮರಿ, ಆ ವೀಲ್ ಹೊಲ ಇದೆಯಲ್ಲ, ನಾನು ಹುಟ್ಟಿದ್ದೇ ಅಲ್ಲಿ. ನೀನು ಮೊದಲನೇ ತಿರುವಲ್ಲೇ ದಾರಿ ತಪ್ಪಿದೆ."

"ನನ್ನ ಜೇಬಲ್ಲಿ ಇಡೀ ದಿನ ನಕ್ಷೆ ಇತ್ತು," ಎಂದ ರೋಲಂಡ್.

"ನನ್ನ ಫೋನಿಗೆ ಸಿಗ್ನಲ್ಲೂ ಇತ್ತು," ಎಂದಿತು ಹಿಂದಿನಿಂದ ಮತ್ತೊಂದು ದನಿ.

ಕ್ಲೆಮ್ ಬೀರು ನುಂಗಲೂ ಆಗದೆ ಉಗಿಯಲೂ ಆಗದೆ ಕೂತ. "ಮತ್ತೆ... ಯಾಕೆ ಹೇಳಲಿಲ್ಲ?"

"ಹೇಳಿ ಹಾಳು ಮಾಡೋದಾ?" ಎಂದಳು ಹೆಟ್ಟಿ. "ಹೊರೇಸ್ ಜೊತೆ ಹೋದ್ರೆ ಅದೇ ಮರ, ಅದೇ ಗೇಟು, ಅದೇ ಹಳಸಲು ಜೋಕು. ಇವತ್ತು ನೋಡು, ಕುರಿ ಕಾಯ್ದೆ! ಇಷ್ಟು ನಕ್ಕು ಎಷ್ಟು ವರ್ಷ ಆಗಿತ್ತೋ."

"ದಾರಿ ತಪ್ಪೋರು ಬೇಕಾದಷ್ಟು ಜನ ಸಿಗ್ತಾರೆ ಕಣಯ್ಯಾ," ಎಂದ ರೋಲಂಡ್, ಮೊದಲ ಬಾರಿಗೆ ಅಕ್ಕರೆಯಿಂದ. "ಇಷ್ಟು ಧೈರ್ಯವಾಗಿ ತಪ್ಪೋನು ಸಿಗಲ್ಲ. ಮುಂದಿನ ವಾರ ಪಕ್ಕದ ಹಳ್ಳಿ ಸಂಘದವರೂ ಬರ್ತಾರಂತೆ. ಆಗಲೇ ಹೇಳಿಬಿಟ್ಟಿದ್ದೀನಿ."

ಕ್ಲೆಮ್ ಧಡಕ್ಕನೆ ಎದ್ದ. ಕಿವಿ ಕೆಂಪಾಗಿತ್ತು. "ನಿಮಗೆಲ್ಲ ತಮಾಷೆ ಆಗಿದೀನಿ, ಅಲ್ವಾ? ಸರಿ. ಮುಂದಿನ ವಾರ ಒಂದೇ ಒಂದು ತಿರುವು ತಪ್ಪಿದ್ರೆ ನನ್ನ ಹೆಸರು ಟಪ್ಪೆನ್ ಅಲ್ಲ. ಬರ್ಕೊಳ್ಳಿ ಬೇಕಾದ್ರೆ, ಪೂರ್ವದ ಗುಡ್ಡಗಳಿಗೆ ಕರ್ಕೊಂಡು ಹೋಗ್ತೀನಿ!"

ಎಂದು ಅವನು ತೋಳು ನೀಡಿ ಬೆರಳು ತೋರಿಸಿದ ಕಡೆಯಲ್ಲಿ ಸೂರ್ಯ ಕೆಂಪಗೆ, ನಿಧಾನವಾಗಿ ಮುಳುಗುತ್ತಿದ್ದ.

ಇಡೀ ಅಂಗಳ ಎದ್ದು ನಿಂತು ಚಪ್ಪಾಳೆ ತಟ್ಟಿತು.